‘ಆರಾಮ ಇದೀನ್ರಿ’ ಅನ್ನುವ ಮೊದಲು: ದಮ್ಮು ಹಿಡಿತಕ್ಕೆ ಬರದಿದ್ದಾಗ ಡಾಕ್ಟರಿಗೆ ಏನು ಹೇಳಬೇಕು?

ಪ್ರಶ್ನೆ: ನನಗೆ 38 ವರ್ಷ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತೇನೆ. ಎಂಟು ವರ್ಷದಿಂದ ದಮ್ಮಿದೆ. ನೀಲಿ ಪಂಪ್ ದಿನಕ್ಕೆ ನಾಲ್ಕೈದು ಸಲ ಬೇಕೇ ಬೇಕು. ರಾತ್ರಿ ಎರಡರ ಸುಮಾರಿಗೆ ಎದ್ದು ಕೂರುತ್ತೇನೆ. ಊರಲ್ಲಿ ಇಂಜೆಕ್ಷನ್ ಮಾಡಿಸಿ ಮಾತ್ರೆ ತಗೊಂಡರೆ ಒಂದು ವಾರ ಆರಾಮ, ಆಮೇಲೆ ಮತ್ತೆ ಅದೇ. ಹುಬ್ಬಳ್ಳಿಯ ಡಾಕ್ಟರು ಪುಡಿ ಎಳೆಯುವ ಕ್ಯಾಪ್ಸೂಲ್ ಕೊಟ್ಟಿದ್ದರು, ಕಡಿಮೆ ಆಯ್ತು ಅಂತ ಬಿಟ್ಟೆ. ಈಗ ಮತ್ತೆ ಅವರ ಹತ್ತಿರ ಹೋಗಬೇಕು. ಡಾಕ್ಟರ ಮುಂದೆ ಕೂತರೆ ನನಗೆ ಬಾಯೇ ಬರುವುದಿಲ್ಲ. ಏನು ಹೇಳಲಿ? ಇನ್ನೂ ಪವರ್ ಜಾಸ್ತಿ ಇರುವ ಔಷಧಿ ಕೇಳಲಾ?
– ಓದುಗರು, ಬ್ಯಾಡಗಿ

ಉತ್ತರ: ಪವರ್ ಜಾಸ್ತಿ ಮಾಡಿ ಅಂತ ಈಗಲೇ ಕೇಳಬೇಡಿ ಅಕ್ಕಾರೆ. ಮೊದಲು, ನಮಗೆ ಬರೆದ ಈ ಸಾಲುಗಳನ್ನೇ ಚೀಟಿಯಲ್ಲಿ ಬರೆದುಕೊಂಡು ಹೋಗಿ ಡಾಕ್ಟರಿಗೆ ಓದಿ ಹೇಳಿ. ಅರ್ಧ ಕೆಲಸ ಅಲ್ಲೇ ಆಗುತ್ತದೆ.

ನಮ್ಮ ಕಡೆ ಇದು ದಿನಾ ನಡೆಯುತ್ತದೆ. ‘ಹ್ಯಾಂಗದೀರಿ?’ ಅಂತ ಕೇಳಿದರೆ ‘ಆರಾಮ ಇದೀನ್ರಿ’ ಅಂತ ಉತ್ತರ ಬರುತ್ತದೆ. ದೊಡ್ಡವರ ಮುಂದೆ ಗೋಳು ಹೇಳಿಕೊಳ್ಳಬಾರದು ಅನ್ನುವ ಸಂಕೋಚ. ಆ ಹೊತ್ತಿಗೆ ಎದೆ ಕೂಡ ಹಗುರ ಇರಬಹುದು, ಯಾಕೆಂದರೆ ಬಸ್ ಇಳಿದ ಕೂಡಲೇ ಎರಡು ಪಫ್ ಹೊಡೆದಿರುತ್ತೀರಿ. ಡಾಕ್ಟರು ಸ್ಟೆತೊಸ್ಕೋಪ್ ಇಟ್ಟರೆ ಸುಂಯ್ ಅನ್ನುವ ಸಪ್ಪಳ ಇರುವುದಿಲ್ಲ. ರಾತ್ರಿ ಎರಡು ಗಂಟೆಯ ಕಷ್ಟ ಹಗಲು ಹನ್ನೊಂದಕ್ಕೆ ಅವರಿಗೆ ಹೇಗೆ ಕಾಣಬೇಕು, ಹೇಳಿ?

ಕಳೆದ ನಾಲ್ಕು ವಾರದ ಲೆಕ್ಕ ಹೇಳಿ. ಹಗಲು ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ದಮ್ಮು ಬಂತಾ? ರಾತ್ರಿ ಒಂದು ಸಲವಾದರೂ ಎಬ್ಬಿಸಿತಾ? ಪಂಪ್ ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಬೇಕಾಯ್ತಾ? ದಮ್ಮಿನಿಂದ ಯಾವುದಾದರೂ ಕೆಲಸ ಬಿಡಬೇಕಾಯ್ತಾ? ಮೂರು ಅಥವಾ ನಾಲ್ಕಕ್ಕೆ ‘ಹೌದು’ ಅಂದರೆ ಅಸ್ತಮಾ ಹಿಡಿತದಲ್ಲಿಲ್ಲ ಅಂತ ಅರ್ಥ. ನಿಮ್ಮದು ಈಗಾಗಲೇ ಮೂರಾಯ್ತು. ಇದರ ಜೊತೆ ಇನ್ನೊಂದು ಮಾತು ತಪ್ಪದೆ ಹೇಳಿ: ಒಂದು ವರ್ಷದಲ್ಲಿ ಎಷ್ಟು ಸಲ ಇಂಜೆಕ್ಷನ್ ಮಾಡಿಸಿದಿರಿ, ಎಷ್ಟು ಸಲ ಸ್ಟೀರಾಯ್ಡ್ ಮಾತ್ರೆ ನುಂಗಿದಿರಿ. ಆ ಹಳೇ ಚೀಟಿಗಳನ್ನು ತಗೊಂಡು ಹೋಗಿ. ‘ಬೇರೆಯವರ ಹತ್ತಿರ ಹೋಗಿದ್ದೆ ಅಂದರೆ ಬೈತಾರೆ’ ಅಂತ ಮುಚ್ಚಿಡಬೇಡಿ. ಬೈದರೆ ಬೈಯಲಿ, ಆ ಚೀಟಿ ನೋಡಿದರೆ ಮುಂದಿನ ಔಷಧಿ ಸರಿ ಬರುತ್ತದೆ.

ನೀಲಿ ಪಂಪಿನ ವಿಷಯ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಅದು ಬಿಗಿದ ಶ್ವಾಸನಾಳವನ್ನು ನಾಲ್ಕಾರು ತಾಸು ಸಡಿಲ ಮಾಡುತ್ತದೆ, ಅಷ್ಟೇ. ಒಳಗಿನ ಊತ ಹಾಗೇ ಇರುತ್ತದೆ. ಊತ ಇಳಿಸುವುದು ನೀವು ಬಿಟ್ಟುಬಿಟ್ಟ ಆ ಪುಡಿ. ನೀಲಿ ಪಂಪನ್ನೇ ನಂಬಿ ಕೂರುವುದು ಅಪಾಯ ಅಂತ ಅಸ್ತಮಾ ಚಿಕಿತ್ಸೆಯ ಅಂತಾರಾಷ್ಟ್ರೀಯ ಮಾರ್ಗಸೂಚಿ ‘ಗಿನಾ’ 2019ರಿಂದ ಸ್ಪಷ್ಟವಾಗಿ ಹೇಳುತ್ತಿದೆ. 200 ಪಫ್‌ನ ಪಂಪ್ ವರ್ಷಕ್ಕೆ ಮೂರು ಅಥವಾ ಜಾಸ್ತಿ ಖಾಲಿಯಾದರೆ ಜೋರಾದ ಅಟ್ಯಾಕ್ ಬರುವ ಸಂಭವ ಹೆಚ್ಚು. ತಿಂಗಳಿಗೊಂದು ಖಾಲಿಯಾದರೆ ಜೀವಕ್ಕೇ ಕುತ್ತು. ನಿಮ್ಮ ಲೆಕ್ಕ ಆ ಕಡೆಗೇ ಹೊರಟಿದೆ, ಅದಕ್ಕೇ ಹೋಗುವುದನ್ನು ಮುಂದೂಡಬೇಡಿ. ಊತ ಇಳಿಸುವ ಔಷಧಿ ಮತ್ತು ಶ್ವಾಸನಾಳ ಸಡಿಲಿಸುವ ಫಾರ್ಮೊಟೆರಾಲ್ ಎರಡೂ ಒಂದರಲ್ಲೇ ಇರುವ ಇನ್ಹೇಲರ್ ಇದೆ. ದಿನಾ ತಗೊಳ್ಳಲಿಕ್ಕೂ ಅದೇ, ದಮ್ಮು ಬಂದಾಗಲೂ ಅದೇ. ‘ನನಗೆ ಇದು ಆಗುತ್ತಾ?’ ಅಂತ ಕೇಳಿ.

ನಿಮ್ಮ ಸಾಧನವನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಡಾಕ್ಟರ ಎದುರೇ ಎಳೆದು ತೋರಿಸಿ. ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಸಾಲದು. ‘ಈ ಔಷಧಿ ತಾಗಲಿಲ್ಲ’ ಅನ್ನುವವರಲ್ಲಿ ಬಹಳ ಜನಕ್ಕೆ ಔಷಧಿ ಎದೆಗೆ ಇಳಿದೇ ಇರುವುದಿಲ್ಲ. ಪುಡಿಯ ಕ್ಯಾಪ್ಸೂಲಿಗೂ ಒತ್ತುವ ಪಂಪಿಗೂ ಎಳೆಯುವ ರೀತಿ ಬೇರೆ. ಪುಡಿಯನ್ನು ಒಮ್ಮೆಲೇ ಜೋರಾಗಿ, ಆಳವಾಗಿ ಎಳೆಯಬೇಕು. ಪಂಪನ್ನು ಚೆನ್ನಾಗಿ ಅಲುಗಾಡಿಸಿ, ಒತ್ತುತ್ತಾ ನಿಧಾನವಾಗಿ ಎಳೆಯಬೇಕು. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ಎರಡಕ್ಕೂ ಮೊದಲು ಉಸಿರನ್ನು ಪೂರ್ತಿ ಹೊರಗೆ ಬಿಡಬೇಕು, ಆದರೆ ಪುಡಿಯ ಸಾಧನದೊಳಗೆ ಊದಬಾರದು, ಬಾಯಿಯ ತೇವಕ್ಕೆ ಪುಡಿ ಅಂಟಿಕೊಳ್ಳುತ್ತದೆ. ಎಳೆದ ಮೇಲೆ ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಕ್ಯಾಪ್ಸೂಲ್ ತೆಗೆದು ನೋಡಿ, ಪುಡಿ ಉಳಿದಿದ್ದರೆ ಇನ್ನೊಂದು ಸಲ ಎಳೆಯಿರಿ. ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಅಗ್ರ ಕೂರುತ್ತದೆ, ದನಿ ಒಡೆಯುತ್ತದೆ. ಪಂಪ್ ಒತ್ತುವುದೂ ಎಳೆಯುವುದೂ ಒಟ್ಟಿಗೆ ಆಗದಿದ್ದರೆ ಪಂಪಿಗೆ ಜೋಡಿಸುವ ಡಬ್ಬಿ ‘ಸ್ಪೇಸರ್’ ಕೇಳಿ. ಅದು ಮಕ್ಕಳಿಗೆ ಮಾತ್ರ ಅಲ್ಲ.

ಇನ್ನು ನಿಮ್ಮ ಕೆಲಸ. ಬ್ಯಾಡಗಿ ಮಾರುಕಟ್ಟೆಗೆ ಕಾಯಿ ಬರುವ ಸುಗ್ಗಿಯಲ್ಲಿ ಪೇಟೆಯಲ್ಲಿ ಸುಮ್ನೆ ನಡೆದವರೂ ಸೀನುತ್ತಾರೆ. ನೀವು ಆ ರಾಶಿ ಮುಂದೆ ದಿನವಿಡೀ ಕೂರುತ್ತೀರಿ. ಘಾಟು, ಧೂಳು ಎರಡೂ ಊದಿಕೊಂಡ ಶ್ವಾಸನಾಳವನ್ನು ಕೆರಳಿಸುತ್ತವೆ. ‘ನಾನು ಮೆಣಸಿನಕಾಯಿ ಕೆಲಸ ಮಾಡ್ತೀನ್ರಿ’ ಅಂತ ಡಾಕ್ಟರಿಗೆ ಹೇಳಿದ್ದೀರಾ? ‘ಮನೆಗೆಲಸ’ ಅಂತ ಬರೆಸಿ ಎದ್ದು ಬರುವವರು ಬಹಳ. ಕೆಲಸ ಇಲ್ಲದ ದಿನ, ತವರಿಗೆ ಹೋದಾಗ ದಮ್ಮು ಕಡಿಮೆಯಾಗುತ್ತಾ ನೋಡಿಕೊಂಡು ಅದನ್ನೂ ಹೇಳಿ. ಕೆಲಸ ಬಿಡಿ ಅನ್ನುವುದು ಸುಲಭ, ಆದರೆ ಮನೆ ನಡೆಯಬೇಕಲ್ವಾ? ಗಾಳಿ ಆಡುವ ಕಡೆ ಕೂರುವುದು, ತೂರುವ, ಜರಡಿ ಹಿಡಿಯುವ ಜಾಗದಿಂದ ದೂರ ಇರುವುದು, ಎನ್ 95 ಮಾಸ್ಕ್ ಹಾಕುವುದು ಇಷ್ಟಾದರೂ ಆಗಬೇಕು. ಸೆರಗು ಕಟ್ಟಿಕೊಂಡರೆ ಸಣ್ಣ ಧೂಳು ನಿಲ್ಲುವುದಿಲ್ಲ. ಕಟ್ಟಿಗೆ ಒಲೆ ಇದ್ದರೆ, ಮನೆಯಲ್ಲಿ ಯಾರಾದರೂ ಬೀಡಿ ಸೇದುತ್ತಿದ್ದರೆ, ಮೂಗು ಸದಾ ಕಟ್ಟುತ್ತಿದ್ದರೆ, ಎದೆ ಉರಿ ಇದ್ದರೆ ಅದನ್ನೂ ಹೇಳಿ. ಇವೆಲ್ಲ ದಮ್ಮನ್ನು ಹಿಡಿತಕ್ಕೆ ಬರಗೊಡುವುದಿಲ್ಲ.

‘ಆ ಪುಡಿಯಲ್ಲಿ ಸ್ಟೀರಾಯ್ಡ್ ಇದೆಯಂತೆ, ಚಟ ಆಗುತ್ತಂತೆ’ ಅನ್ನುವ ಹೆದರಿಕೆ ನಿಮಗೂ ಇದ್ದರೆ ಬಾಯಿ ಬಿಟ್ಟು ಕೇಳಿ. ಇನ್ಹೇಲರ್‌ನಿಂದ ಚಟ ಆಗುವುದಿಲ್ಲ. ದಮ್ಮು ಜಾಸ್ತಿಯಾದಾಗ ಕೊಡುವ ಸ್ಟೀರಾಯ್ಡ್ ಮಾತ್ರೆ ದಿನಕ್ಕೆ ಸಾಮಾನ್ಯವಾಗಿ 40ರಿಂದ 50 ಮಿಲಿಗ್ರಾಂ ಇರುತ್ತದೆ. ಇನ್ಹೇಲರ್‌ನ ಒಂದು ದಿನದ ಸಾಮಾನ್ಯ ಡೋಸ್ 200ರಿಂದ 400 ಮೈಕ್ರೋಗ್ರಾಂ, ಅಂದರೆ ಅರ್ಧ ಮಿಲಿಗ್ರಾಂ ಕೂಡ ಇಲ್ಲ. ಎರಡೂ ಬೇರೆ ಔಷಧಿ, ತೂಕಕ್ಕೆ ತೂಕ ಸಮ ಅಲ್ಲ, ನಿಜ. ಆದರೆ ಶುಗರ್ ಏರುವುದು, ಮೂಳೆ ಸವೆಯುವುದು, ಕಣ್ಣಿನ ಪೊರೆ ಇವು ಪದೇ ಪದೇ ಮಾತ್ರೆ, ಇಂಜೆಕ್ಷನ್ ತಗೊಳ್ಳುವವರಿಗೆ ಕಾಡುವುದು ಹೆಚ್ಚು. ನೀವು ಸಣ್ಣದಕ್ಕೆ ಹೆದರಿ ದೊಡ್ಡದನ್ನು ನುಂಗುತ್ತಿದ್ದೀರಿ.

ದುಡ್ಡಿನ ತೊಂದರೆಯಿಂದ ಔಷಧಿ ಬಿಟ್ಟಿದ್ದರೆ ಅದನ್ನೂ ಹೇಳಿ. ಅದೇ ಔಷಧಿ ಕಡಿಮೆ ಬೆಲೆಗೆ ಜನೌಷಧಿ ಅಂಗಡಿಯಲ್ಲಿ ಸಿಗುತ್ತಾ ಅಂತ ಕೇಳುವುದರಲ್ಲಿ ನಾಚಿಕೆ ಏನಿಲ್ಲ. ಮೃಗಶಿರಾ ಮಳೆ ಕೂಡುವ ದಿನ ದಮ್ಮಿನ ಔಷಧಿಗೆ ಹೈದರಾಬಾದಿಗೆ ಹೋಗಿಬಂದು ಇನ್ಹೇಲರ್ ನಿಲ್ಲಿಸಿದವರೂ ನಮ್ಮ ಕಡೆ ಇದ್ದಾರೆ. ಹೋಗುವುದು ನಿಮ್ಮ ನಂಬಿಕೆ, ಇನ್ಹೇಲರ್ ಮಾತ್ರ ಬಿಡಬೇಡಿ.

ಸರಿಯಾಗಿ ಎಳೆದು, ಮೂರು ತಿಂಗಳು ಬಿಡದೆ ತಗೊಂಡರೂ ಹೀಗೇ ಇದ್ದರೆ ಆಗ ಪವರಿನ ಮಾತು. ಅಷ್ಟರಲ್ಲಿ ಸ್ಪೈರೊಮೆಟ್ರಿ ಆಗಿರಬೇಕು. ಔಷಧಿ ಎಳೆಯುವ ಮೊದಲು ಮತ್ತು ಆಮೇಲೆ ಊದಿಸಿ ಉಸಿರಿನ ಅಳತೆ ಎಷ್ಟು ಏರಿತು ಅಂತ ನೋಡುತ್ತಾರೆ. ಅಲರ್ಜಿ ತರಹದ ಊತ ಇದೆಯಾ ಅಂತ ತಿಳಿಯಲು ರಕ್ತದಲ್ಲಿ ಇಯೊಸಿನೊಫಿಲ್, ಐಜಿಇ ನೋಡಬೇಕಾಗಬಹುದು. ಕೆಲವರಿಗೆ ಒಮಾಲಿಝುಮ್ಯಾಬ್, ಮೆಪೊಲಿಝುಮ್ಯಾಬ್ ತರಹದ ಇಂಜೆಕ್ಷನ್ ಕೆಲಸ ಮಾಡುತ್ತವೆ. ಬಹಳ ದುಬಾರಿ, ಎಲ್ಲರಿಗೂ ಬೇಕಾಗುವುದೂ ಇಲ್ಲ.

ಎದ್ದು ಬರುವ ಮೊದಲು ಒಂದು ಚೀಟಿ ಕೇಳಿ: ದಿನಾ ಏನು, ದಮ್ಮು ಏರಿದರೆ ಏನು, ಯಾವಾಗ ಆಸ್ಪತ್ರೆಗೆ ಓಡಬೇಕು. ಕನ್ನಡದಲ್ಲೇ ಬರೆಸಿಕೊಳ್ಳಿ, ಮನೆಯವರಿಗೂ ಓದಲಿಕ್ಕೆ ಬರಬೇಕು. ಒಂದು ಮಾತು ಪೂರ್ತಿ ಆಡಲಾಗದಷ್ಟು ದಮ್ಮು, ತುಟಿ ನೀಲಿ, ಪಂಪ್ ಹೊಡೆದರೂ ತಗ್ಗುತ್ತಿಲ್ಲ, ಇಷ್ಟರಲ್ಲಿ ಯಾವುದು ಕಂಡರೂ 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ಪಂಪ್ ನಿಲ್ಲಿಸಬೇಡಿ.

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ, ಹಳೇ ಅಸ್ತಮಾ, ಹಿಡಿತದಲ್ಲಿತ್ತು. ಕಣ್ಣಿನ ಪ್ರೆಶರಿಗೆ ಡ್ರಾಪ್ಸ್ ಶುರುವಾದ ಮೇಲೆ ದಮ್ಮು ಜಾಸ್ತಿಯಾಗಿದೆ. ಸಂಬಂಧ ಇರಬಹುದಾ?
– ಓದುಗರು, ಗದಗ

ಉತ್ತರ: ಇರಬಹುದು. ಬಾಟಲಿ ಮೇಲೆ ‘ಟಿಮೊಲಾಲ್’ ಅಂತ ಇದೆಯಾ ನೋಡಿ. ಕಣ್ಣಿಗೆ ಹಾಕಿದ ಹನಿಯೂ ರಕ್ತಕ್ಕೆ ಸೇರಿ ಶ್ವಾಸನಾಳ ಬಿಗಿಯಬಲ್ಲದು. ಬಿಪಿಗೆ, ಹೃದಯಕ್ಕೆ ಕೊಡುವ ಪ್ರೊಪ್ರನೊಲಾಲ್, ಅಟೆನೊಲಾಲ್ ಕೂಡ ಅದೇ ಗುಂಪಿನವು. ಕೆಲವರಿಗೆ ಆಸ್ಪಿರಿನ್, ಮೈಕೈ ನೋವಿನ ಮಾತ್ರೆಯಿಂದಲೂ ದಮ್ಮು ಏರುತ್ತದೆ. ಇವತ್ತೇ ಕಣ್ಣಿನ ಡಾಕ್ಟರಿಗೆ ಫೋನ್ ಮಾಡಿ, ‘ಅಸ್ತಮಾ ಇದೆ, ಡ್ರಾಪ್ಸ್ ಹಾಕಿದ ಮೇಲೆ ಜಾಸ್ತಿಯಾಗಿದೆ’ ಅಂತ ಹೇಳಿ. ಬದಲಿ ಹನಿಗಳು ಇವೆ, ಅವರು ಬದಲಿಸಿ ಕೊಡುತ್ತಾರೆ. ಅವರು ಸಿಗದೆ ದಮ್ಮು ಏರುತ್ತಿದ್ದರೆ ಕಾಯಬೇಡಿ, ಡ್ರಾಪ್ಸ್ ಬಾಟಲಿ ಕೈಯಲ್ಲಿ ಹಿಡಿದು ಹತ್ತಿರದ ಆಸ್ಪತ್ರೆಗೆ ಹೋಗಿ. ಹೃದಯದ ಮಾತ್ರೆಯ ಮೇಲೆ ಅನುಮಾನ ಬಂದರೆ ಮಾತ್ರ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ, ಅದರಿಂದ ಎದೆನೋವು ಮರುಕಳಿಸಬಹುದು. ಎದೆಯ ಡಾಕ್ಟರು, ಕಣ್ಣಿನ ಡಾಕ್ಟರು, ಬಿಪಿ ಡಾಕ್ಟರು ಬೇರೆ ಬೇರೆ ಆದರೆ ಎಲ್ಲ ಔಷಧಿಯನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಮೂವರ ಟೇಬಲ್ ಮೇಲೂ ಸುರಿದು ತೋರಿಸಿ.