ಆಂಪ್‌ನ ರೆಕ್ಸಿನ್ ಎದ್ದಿದ್ದರೆ ಮೊದಲು ಒಣಗಿಸಿ

ಮಳೆಗಾಲ ಮುಗಿಯುವಷ್ಟರಲ್ಲಿ ಮಡಿಕೇರಿಯ ಮನೆಯಲ್ಲಿಟ್ಟಿದ್ದ ಗಿಟಾರ್ ಆಂಪ್‌ನ (ಗಿಟಾರ್ ಸದ್ದು ಜೋರು ಮಾಡುವ ಪೆಟ್ಟಿಗೆಯ) ಮೂಲೆಯಲ್ಲಿ ಕಪ್ಪು ಹೊದಿಕೆ ಎದ್ದಿದೆ, ಪಕ್ಕದಲ್ಲಿ ಹರಿದೂ ಇದೆ, ಪೂರ್ತಿ ಬದಲಿಸಬೇಕಾ ಅಂತ ಕೇಳಿದ್ದೀರಿ. ಬೇಡ. ಆದರೆ ಇವತ್ತೇ ಅಂಟಿಸಲೂ ಹೋಗಬೇಡಿ.

ನಾನು ಆತುರಪಟ್ಟು ಕೆಟ್ಟವನು. ಜುಲೈಯಲ್ಲಿ ಅಂಟಿಸಿದ್ದು ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಮತ್ತೆ ಎದ್ದಿತ್ತು. ಎತ್ತಿ ನೋಡಿದರೆ ಪ್ಲೈವುಡ್ ತಣ್ಣಗಿದೆ, ಬೂಷ್ಟು ಬೇರೆ. ಟೋಲೆಕ್ಸ್ ಅನ್ನುವ ಈ ಹೊದಿಕೆ ಜೀಪ್ ಸೀಟಿನ ರೆಕ್ಸಿನ್ ಜಾತಿಯದೇ. ಕೆಳಗೆ ಬಟ್ಟೆ, ಮೇಲೆ ವಿನೈಲ್. ಮರದ ತೇವಕ್ಕೆ ಹೊರಗೆ ಬರಲು ದಾರಿಯೇ ಇಲ್ಲ.

ಎರಡನೇ ಸಲ ತಲೆ ಮುರಿದ ಬೆಂಕಿಕಡ್ಡಿಗಳನ್ನು ಎದ್ದ ಅಂಚಿನ ಕೆಳಗೆ ತೂರಿಸಿ, ಬಾಯಿ ತೆರೆದೇ ಒಂದು ವಾರ ಬಿಟ್ಟೆ. ಬೂಷ್ಟನ್ನು ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿದೆ. ಥಿನ್ನರ್ ಬೇಡ, ವಿನೈಲನ್ನೇ ತಿನ್ನುತ್ತದೆ. ಇಷ್ಟಕ್ಕೆಲ್ಲ ಒಳಗಿನ ಸರ್ಕ್ಯೂಟ್ ಬಿಚ್ಚುವುದೂ ಬೇಡ. ಒಳಗೆ ಗಾಜಿನ ವಾಲ್ವ್ ಇರುವ ಆಂಪ್ ಆದರೆ ಪ್ಲಗ್ ಕಿತ್ತ ಮೇಲೂ ಕರೆಂಟ್ ಹಿಡಿದಿಡುವ ಕೆಪಾಸಿಟರ್‌ನಲ್ಲಿ ನೂರಾರು ವೋಲ್ಟ್ ಉಳಿದಿರಬಹುದು.

ಅಂಟು ಅಂದರೆ ಫೆವಿಕಾಲ್ ಎಸ್‌ಆರ್ 998 ತರಹದ್ದು, ಹಳದಿ ರಬ್ಬರ್ ಅಂಟು. ಮರಕ್ಕೂ ಬಟ್ಟೆಗೂ ತೆಳ್ಳಗೆ ಸವರಿ 10-15 ನಿಮಿಷ ಸುಮ್ನೆ ಕಾಯಿರಿ. ಬೆರಳಿಟ್ಟರೆ ನೂಲು ಎಳೆಯಬಾರದು. ಆಮೇಲೆ ಒಳಗಿನಿಂದ ಅಂಚಿನ ಕಡೆಗೆ ಒತ್ತುತ್ತಾ ಬನ್ನಿ, ಚಮಚದ ಬೆನ್ನಿನಿಂದ ಉಜ್ಜಿ. ಒಮ್ಮೆ ಕೂತರೆ ಸರಿಸಲು ಆಗಲ್ಲ. ಚಳಿ ಅಂತ ಒಲೆ ಮುಂದೆ ಕೂರಬೇಡಿ, ಅಂಟಿನ ಆವಿಗೆ ಬೆಂಕಿ ಹತ್ತುತ್ತದೆ. ಕಿಟಕಿ ತೆರೆದಿರಲಿ. ರೆಕ್ಸಿನ್ ಬಿರುಸಾಗಿದ್ದರೆ ಹೇರ್ ಡ್ರೈಯರ್‌ನಲ್ಲಿ ಬೆಚ್ಚಗೆ ಮಾಡಿಕೊಳ್ಳಿ, ಆದರೆ ಅಂಟು ಹಚ್ಚುವ ಮೊದಲೇ.

ಹರಿದ ಜಾಗಕ್ಕೆ ತೇಪೆಯೇ ಬೇಕು. ಆಂಪ್ ಹೊತ್ತುಕೊಂಡು ಅಂಗಡಿಗೆ ಹೋಗಬೇಕಿಲ್ಲ. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಮೇಲ್ಮೈಯ ಗೆರೆ ಮೂಡುತ್ತದೆ. ಅದನ್ನು ಹಿಡಿದು ಸೀಟ್ ಕುಶನ್ ಹೊಲಿಯುವವರ ಹತ್ತಿರ ಹೋದೆ. ಹೊಂದುವ ತುಂಡು ಅವರ ಕಸದಲ್ಲೇ ಸಿಕ್ಕಿತು! ಆ ತುಂಡನ್ನು ಹರಿದ ಜಾಗದ ಮೇಲೆ ಟೇಪಿನಲ್ಲಿ ನಿಲ್ಲಿಸಿ, ಹೊಸ ಬ್ಲೇಡಿನಲ್ಲಿ ಎರಡೂ ಪದರ ಒಟ್ಟಿಗೆ ಕತ್ತರಿಸಿ. ಕೆಳಗಿನ ಹಳೇ ಚೂರು ತೆಗೆದರೆ ಹೊಸದು ಅಲ್ಲಿಗೆ ಸರಿಯಾಗಿ ಕೂರುತ್ತದೆ. ಅಂಚಿನ ಬಿಳಿ ಗೆರೆಗೆ ಕಪ್ಪು ಮಾರ್ಕರ್ ಸಾಕು.

ಮುಂದಿನ ಮಳೆಗೆ ಪ್ಲಾಸ್ಟಿಕ್ ಹೊದಿಸಬೇಡಿ. ನೆಲದಿಂದ ಎರಡು ಇಟ್ಟಿಗೆ ಮೇಲೆ, ಗೋಡೆಯಿಂದ ಒಂದು ಗೇಣು ಈಚೆ ಇಡಿ.