ಸವರಿದ ಟೊಂಗೆಗೆ ತೋಟದಲ್ಲೇ ಬೆಂಕಿ ಹಚ್ಚಬೇಡಿ

ಪ್ರಶ್ನೆ: ಹಾನಗಲ್ಲ ಹತ್ತಿರ ನಮ್ಮದು ನಾಲ್ಕು ಎಕರೆ ಆಪೂಸ್ ತೋಟ. ಕಾಯಿ ಇಳಿಸಿದ ಮೇಲೆ ಟೊಂಗೆ ಸವರುತ್ತೇವೆ. ದಪ್ಪ ಟೊಂಗೆ ಒಲೆಗೆ ಹೋಗುತ್ತದೆ, ಉಳಿದ ರಾಶಿಗೆ ಬದುವಿನಲ್ಲೇ ಬೆಂಕಿ ಹಚ್ಚುತ್ತೇವೆ. ಚಿಪ್ಪರ್ ಮಷೀನ್ ತಗೊಂಡು ಚಕ್ಕೆ ಮಾಡಿ ಪೆಲೆಟ್ (ಪುಡಿ ಒತ್ತಿ ಮಾಡಿದ ಉರುವಲು ಗುಳಿಗೆ) ಫ್ಯಾಕ್ಟರಿಗೆ ಕೊಟ್ಟರೆ ದುಡ್ಡು ಬರುತ್ತದೆ ಅಂತಾರೆ. ತಗೋಬಹುದೇ? (ಮಾವು ಬೆಳೆಗಾರ, ಹಾವೇರಿ ಜಿಲ್ಲೆ)

ಉತ್ತರ: ಬೆಂಕಿ ಹಚ್ಚುವುದನ್ನು ಈ ವರ್ಷವೇ ನಿಲ್ಲಿಸಿ. ಆದರೆ ಮಷೀನ್ ತಗೋಬೇಡಿ. ನಾಲ್ಕು ಎಕರೆಗೆ ಅದು ವರ್ಷದಲ್ಲಿ ಕೆಲವೇ ದಿನ ಓಡುತ್ತದೆ, ಉಳಿದ ದಿನ ತುಕ್ಕು ಹಿಡಿಯುತ್ತದೆ. ಅಕ್ಕಪಕ್ಕದ ತೋಟದವರು ಸೇರಿ ಬಾಡಿಗೆಗೆ ತರಿಸಿ. ನಿಮ್ಮ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಇದೆಯಾ ಅಂತ ಮೊದಲು ಕೇಳಿ.

ನಿಜವಾದ ಕೆಲಸ ಇರುವುದು ಒಣಗಿಸುವುದರಲ್ಲಿ. ಹಸಿ ಟೊಂಗೆಯ ತೂಕದಲ್ಲಿ ಸುಮಾರು ಅರ್ಧ ಬರೀ ನೀರು. ಬಿಸಿಲಿಗೆ ಚೆನ್ನಾಗಿ ಒಣಗಿದ ಒಂದು ಕಿಲೋ ಕಟ್ಟಿಗೆಯಿಂದ ಸುಮಾರು 3,500 ಕಿಲೋಕ್ಯಾಲರಿ ಶಾಖ ಸಿಗುತ್ತದೆ. ಹಸಿಯದನ್ನೇ ಒಲೆಗೆ ಹಾಕಿದರೆ 2,000 ಕೂಡ ಸಿಗುವುದಿಲ್ಲ, ಯಾಕಂದ್ರೆ ಒಳಗಿನ ನೀರು ಆವಿಯಾಗಲಿಕ್ಕೇ ಒಂದಿಷ್ಟು ಶಾಖ ಖರ್ಚಾಗುತ್ತದೆ, ಮೇಲೆ ಅಡಿಗೆ ಮನೆ ತುಂಬ ಹೊಗೆ. ನಿಮ್ಮ ಭಾಗದ ತೊಂದರೆ ಏನಂದರೆ, ಸವರುವ ಕೆಲಸ ಮತ್ತು ಮುಂಗಾರು ಮಳೆ ಒಟ್ಟಿಗೇ ಬರುತ್ತವೆ. ವಿಜಯಪುರದ ದ್ರಾಕ್ಷಿಯವರಿಗೆ ಈ ಕಷ್ಟ ಅಷ್ಟಿಲ್ಲ, ಅವರ ಒಂದು ಚಾಟ್ನಿ (ಬಳ್ಳಿ ಸವರುವ ಕೆಲಸ) ಏಪ್ರಿಲ್ ಸುಮಾರಿಗೆ, ಇನ್ನೊಂದು ಅಕ್ಟೋಬರ್ ಸುಮಾರಿಗೆ. ನೀವು ಹೀಗೆ ಮಾಡಿ: ಎಲೆ ಉದುರಿಸಿ ಗಿಡದ ಬುಡದಲ್ಲೇ ಬಿಡಿ, ಅದು ಮಣ್ಣಿಗೆ ಬೇಕು, ಒಲೆಯಲ್ಲಿ ಬರೀ ಬೂದಿ ಜಾಸ್ತಿ ಮಾಡುತ್ತದೆ. ಟೊಂಗೆಗಳನ್ನು ಒಂದೇ ಅಳತೆಗೆ ಕಡಿದು ಕಲ್ಲಿನ ಮೇಲೆ ಅಡ್ಡಡ್ಡ ಒಟ್ಟಿ. ಮೇಲೆ ಮಾತ್ರ ತಗಡು ಹಾಕಿ, ನಾಲ್ಕೂ ಕಡೆ ಗಾಳಿಗೆ ಬಿಡಿ. ತಾಡಪತ್ರಿಯಿಂದ ಸುತ್ತ ಮುಚ್ಚಿದರೆ ಒಳಗೆ ಬೂಷ್ಟು ಬರುತ್ತದೆ, ಅಷ್ಟೇ.

ಒಣಗಿದೆಯೋ ಇಲ್ಲವೋ ನೋಡಲು ಒಂದು ಹೊರೆಗೆ ಗುರುತು ಕಟ್ಟಿ ವಾರಕ್ಕೊಮ್ಮೆ ತೂಗಿ. ಬಿಸಿಲು ಬಿದ್ದ ಮೇಲೆ ತೂಕ ಇಳಿಯುತ್ತಾ ಹೋಗುತ್ತದೆ, ಇಳಿಯುವುದು ನಿಂತಾಗ ಒಣಗಿದೆ ಅಂತ ತಿಳಿಯಿರಿ. ಬೆರಳು ಗಾತ್ರದ ಕಡ್ಡಿ ಮುರಿದರೆ ಬಾಗಬಾರದು, ಲಟಕ್ ಅನ್ನಬೇಕು.

ಒಂದು ಸಿಲಿಂಡರ್‌ನ 14.2 ಕಿಲೋ ಗ್ಯಾಸಿನಲ್ಲಿರುವ ಶಾಖ ಸುಮಾರು 45 ಕಿಲೋ ಒಣ ಕಟ್ಟಿಗೆಯಲ್ಲಿ ಇರುತ್ತದೆ. ಒಲೆಯಲ್ಲಿ ಹಾಳಾಗುವುದನ್ನು ಹಿಡಿದರೆ ಅದರ ಎರಡು ಪಟ್ಟೋ ಇನ್ನೂ ಜಾಸ್ತಿಯೋ ಬೇಕು ಅನ್ನಿ. ಆದರೂ ಹಂಡೆ ನೀರಿಗೆ, ಹತ್ತಿರದ ಖಾನಾವಳಿಗೆ, ಚುರಮುರಿ ಭಟ್ಟಿಗೆ ಇದು ಒಳ್ಳೆ ಕಟ್ಟಿಗೆ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಗಿರಾಕಿ ಇವರೇ, ಫ್ಯಾಕ್ಟರಿ ಅಲ್ಲ. ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು ಶೇ 5ರಷ್ಟು ಪೆಲೆಟ್ ಬೆರೆಸಬೇಕು ಅಂತ 2021ರಲ್ಲಿ ಕೇಂದ್ರದ ನೀತಿ ಬಂದದ್ದು ಖರೆ. ಆದರೆ ಸಾಗಾಟದ ಲೆಕ್ಕ ಹಾಕಿ. ಕಡಿಯದ ಟೊಂಗೆ ಒಂದು ಘನ ಮೀಟರ್ ಜಾಗದಲ್ಲಿ 100 ಕಿಲೋ ಹಿಡಿಯುವುದೂ ಕಷ್ಟ, ಚಕ್ಕೆ ಮಾಡಿದರೆ 200ರಿಂದ 250, ಪೆಲೆಟ್ ಆದರೆ 600ಕ್ಕೂ ಜಾಸ್ತಿ. ಟ್ರೇಲರ್ ತುಂಬಿ ಕಂಡರೂ ನೀವು ಡೀಸೆಲ್ ಸುಟ್ಟು ಸಾಗಿಸುವುದು ಗಾಳಿಯನ್ನೇ. ಕೊಡುವುದೇ ಆದರೆ ಒಣಗಿಸಿ, ಚಕ್ಕೆ ಮಾಡಿ, ನಾಲ್ಕಾರು ತೋಟದ್ದು ಸೇರಿಸಿ ಕೊಡಿ. ಎರಿ ಮಣ್ಣಿನಲ್ಲಿ ಎಳೆದಾಡಬೇಡಿ. ಮಣ್ಣು ಸೇರಿದರೆ ಚಿಪ್ಪರ್ ಬ್ಲೇಡ್ ಮೊಂಡಾಗುತ್ತದೆ, ಭಟ್ಟಿಯಲ್ಲಿ ಕರಗಿ ಗಟ್ಟಿ ಕಿಟ್ಟ ಕಟ್ಟುತ್ತದೆ.

ಒಂದು ಮಾತು ಮರೆಯಬೇಡಿ. ತೊಗಟೆಯಲ್ಲಿ ತೂತು ಇದ್ದು ಕಟ್ಟಿಗೆ ಪುಡಿ ಉದುರುತ್ತಿದ್ದರೆ ಅದು ಕಾಂಡ ಕೊರಕ ಹುಳದ್ದು. ಅಂಥ ಟೊಂಗೆ ಒಟ್ಟಿ ಇಡಬೇಡಿ, ಮೊದಲು ಅದನ್ನೇ ಒಲೆಗೆ ಹಾಕಿ.

ಪ್ರಶ್ನೆ: ಪೇರಲ ತೋಟದ ಕಟ್ಟಿಗೆಯಿಂದ ಗ್ಯಾಸಿಫೈಯರ್ ಹಚ್ಚಿ 5 ಎಚ್‌ಪಿ ಪಂಪು ಓಡಿಸಬಹುದೇ? (ನವಲೂರು, ಧಾರವಾಡ)

ಉತ್ತರ: ಓಡಿಸಬಹುದು. ಗ್ಯಾಸಿಫೈಯರ್ ಅಂದರೆ ಕಡಿಮೆ ಗಾಳಿಯಲ್ಲಿ ಕಟ್ಟಿಗೆ ಸುಟ್ಟು ಉರಿಯುವ ಗ್ಯಾಸ್ ತೆಗೆಯುವ ಯಂತ್ರ. ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲೇ ಕಟ್ಟಿಗೆ ಗ್ಯಾಸಿನಿಂದ ಕರೆಂಟು ತೆಗೆದಿದ್ದರು, ತಂತ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಒಂದು ಯೂನಿಟ್ಟಿಗೆ ಒಂದರಿಂದ ಒಂದೂವರೆ ಕಿಲೋ ಒಣ ಕಟ್ಟಿಗೆ ಬೇಕು, ನಿಮ್ಮ ಪಂಪಿಗೆ ತಾಸಿಗೆ ಐದಾರು ಕಿಲೋ ಹಿಡಿಯಿರಿ. ಕಟ್ಟಿಗೆ ಒಂದೇ ಅಳತೆಯ ತುಂಡಾಗಿರಬೇಕು, ತೇವ ಶೇ 20ಕ್ಕಿಂತ ಕಡಿಮೆ ಇರಬೇಕು, ಗ್ಯಾಸಿನ ಜೊತೆ ಬರುವ ಟಾರ್ (ಡಾಂಬರಿನಂಥ ಜಿಗುಟು) ಸೋಸದೆ ಬಿಟ್ಟರೆ ಎಂಜಿನ್ ಕೆಡುತ್ತದೆ. ಇದನ್ನು ದಿನಾ ನೋಡಿಕೊಳ್ಳಲು ಕೈ ಬೇಕು. ನಮ್ಮಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ ಇರುವಾಗ ಒಬ್ಬರೇ ರೈತರು ಇದಕ್ಕೆ ಸಾಲ ಮಾಡುವುದು ಬೇಡ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಅದರ ಬದಲು ಮನೆಯ ಒಲೆ ಸುಧಾರಿಸಿ. ಅದೇ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯಂಥದ್ದು ಹಾಕಿಸಿದರೆ ಅದೇ ಕಟ್ಟಿಗೆಯಲ್ಲಿ ಜಾಸ್ತಿ ಅಡಿಗೆ ಆಗುತ್ತದೆ, ಹೊಗೆಯೂ ಕೊಳವೆಯಿಂದ ಹೊರಗೆ ಹೋಗುತ್ತದೆ.

ಪ್ರಶ್ನೆ: ದ್ರಾಕ್ಷಿ ಚಾಟ್ನಿಯ ಕಡ್ಡಿ ಗೋಬರ್ ಗ್ಯಾಸಿಗೆ ಹಾಕಬಹುದೇ? ಸುಟ್ಟ ಬೂದಿ ಹೊಲಕ್ಕೆ ಒಳ್ಳೇದಾ? (ಗದಗ)

ಉತ್ತರ: ಗೋಬರ್ ಗ್ಯಾಸಿಗೆ ಬೇಡ. ಕಟ್ಟಿಗೆಗೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಅಲ್ಲಿನ ಸೂಕ್ಷ್ಮಜೀವಿಗಳು ಕರಗಿಸಲಾರವು, ಕಡ್ಡಿ ಹಾಗೇ ಉಳಿದು ಪೈಪು ಕಟ್ಟುತ್ತದೆ. ಹಾಗಂತ ಸಾಲಿನ ನಡುವೆಯೂ ಬಿಡಬೇಡಿ, ಚಿಬ್ಬು ರೋಗ ಮುಂದಿನ ಚಿಗುರಿಗೆ ಅಲ್ಲಿಂದ ಹತ್ತುತ್ತದೆ. ಹೊರಗೆ ತೆಗೆದು ಒಣಗಿಸಿ ಒಲೆಗೆ ಹಾಕಿ. ಬೂದಿಯಲ್ಲಿ ಪೊಟ್ಯಾಷ್ ಇದೆ, ಸುಣ್ಣವೂ ಇದೆ. ಆದರೆ ನಿಮ್ಮ ಎರಿ ಭೂಮಿ ಮೊದಲೇ ಕ್ಷಾರ, ಬೂದಿಯೂ ಕ್ಷಾರ. ಬೋರ್ಡೋ ದ್ರಾವಣ ಹೊಡೆದ ಬಳ್ಳಿಯಾದರೆ ಮೈಲುತುತ್ತದ ತಾಮ್ರ ಸುಟ್ಟರೂ ಹೋಗುವುದಿಲ್ಲ, ಬೂದಿಯಲ್ಲೇ ಉಳಿಯುತ್ತದೆ. ಹಾಗಾಗಿ ತಿಪ್ಪೆಗೆ ತೆಳ್ಳಗೆ ಉದುರಿಸಿ, ಒಂದೇ ಜಾಗಕ್ಕೆ ವರ್ಷಾ ವರ್ಷ ಸುರಿಯಬೇಡಿ.