ಸಾರಾ, ಜಾನ್ ಮತ್ತು ಆ ಯಂತ್ರ: ಓದುಗರ ಪತ್ರಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ‘ಟರ್ಮಿನೇಟರ್’ ಸರಣಿಯ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಮೆಚ್ಚುಗೆಗಿಂತ ಜಗಳವೇ ಜಾಸ್ತಿ. ಎಲ್ಲ ಪ್ರೀತಿಯಿಂದ ಆಡಿದ ಜಗಳ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ನಾನು ಸಿನಿಮಾ ಎಡಿಟರ್. ಯಾವ ವಾದ ಬಂದರೂ ಮೊದಲು ತೆರೆಯ ಮೇಲೆ ಏನು ಕಾಣುತ್ತದೆ, ಏನು ಕೇಳಿಸುತ್ತದೆ ಅಂತ ನೋಡುವುದು ನನ್ನ ಅಭ್ಯಾಸ. ಉತ್ತರಗಳೂ ಅಲ್ಲಿಂದಲೇ ಹೊರಟಿವೆ.

ಮೇಡಂ, ನಾನೂ ನನ್ನ ಗೆಳೆಯನೂ ಕಾಲೇಜಿನ ದಿನಗಳಿಂದ ಇದೇ ವಿಷಯಕ್ಕೆ ಕಿತ್ತಾಡುತ್ತಿದ್ದೇವೆ. ಮೊದಲ ಚಿತ್ರದಲ್ಲಿ ಎಲ್ಲವೂ ಮೊದಲೇ ಬರೆದಿಟ್ಟ ಹಾಗೆ ನಡೆಯುತ್ತದೆ. ಎರಡನೆಯದರಲ್ಲಿ ಭವಿಷ್ಯವನ್ನು ಬದಲಿಸಬಹುದು ಅನ್ನುತ್ತಾರೆ. ಎರಡನೆಯದು ಮೊದಲನೆಯದನ್ನು ಸುಳ್ಳು ಮಾಡಿತು ಅಂತ ಅವನ ವಾದ. ಇಲ್ಲ ಅಂತ ನನ್ನದು. ಯಾರು ಸರಿ?

ನಿಮ್ಮ ಗೆಳೆಯರ ಕೈಯಲ್ಲಿ ಗಟ್ಟಿ ಸಾಕ್ಷಿ ಇದೆ. ಅದನ್ನೇ ಮೊದಲು ನೋಡೋಣ.

1984ರ ಚಿತ್ರದಲ್ಲಿ ಸ್ಕೈನೆಟ್ ಅನ್ನುವ ಕಂಪ್ಯೂಟರ್ ಜಾಲ 2029ರಿಂದ ಒಂದು ಯಂತ್ರವನ್ನು ಹಿಂದಕ್ಕೆ ಕಳಿಸುತ್ತದೆ. ಮುಂದೆ ಮನುಷ್ಯರ ನಾಯಕನಾಗುವ ಜಾನ್ ಕಾನರ್ ಹುಟ್ಟುವ ಮೊದಲೇ ಅವನ ತಾಯಿ ಸಾರಾಳನ್ನು ಕೊಲ್ಲಬೇಕು. ಅವಳನ್ನು ಕಾಯಲು ಜಾನ್ ತನ್ನ ಸೈನಿಕ ಕೈಲ್ ರೀಸ್‌ನನ್ನು ಕಳಿಸುತ್ತಾನೆ. ಆ ಕೈಲ್‌ನೇ ಜಾನ್‌ಗೆ ತಂದೆಯಾಗುತ್ತಾನೆ. ಯಂತ್ರ ಬರದಿದ್ದರೆ ಕೈಲ್ ಬರುತ್ತಿರಲಿಲ್ಲ, ಕೈಲ್ ಬರದಿದ್ದರೆ ಜಾನ್ ಹುಟ್ಟುತ್ತಿರಲಿಲ್ಲ.

ಈಗ ಆ ಫೋಟೊ ನೆನಪು ಮಾಡಿಕೊಳ್ಳಿ. ಭವಿಷ್ಯದ ಯುದ್ಧದಲ್ಲಿ ಕೈಲ್ ಹತ್ತಿರ ಸಾರಾಳ ಒಂದು ಹಳೇ ಫೋಟೊ ಇರುತ್ತದೆ. ಜಾನ್ ಕೊಟ್ಟದ್ದು. ಅದರಲ್ಲಿ ನಿನ್ನ ಮುಖ ಸ್ವಲ್ಪ ಬೇಸರದಲ್ಲಿತ್ತು, ಆ ಗಳಿಗೆಯಲ್ಲಿ ನೀನು ಏನು ಯೋಚಿಸುತ್ತಿದ್ದೆಯೋ ಅಂತ ಯಾವಾಗಲೂ ಅಂದುಕೊಳ್ಳುತ್ತಿದ್ದೆ ಅಂತ ಅವನು ಅವಳಿಗೇ ಹೇಳುತ್ತಾನೆ. ಚಿತ್ರದ ಕೊನೆಯಲ್ಲಿ ಪೆಟ್ರೋಲ್ ಬಂಕಿನ ಹತ್ತಿರ ಒಬ್ಬ ಹುಡುಗ ಬಸುರಿ ಸಾರಾಳ ಫೋಟೊ ತೆಗೆಯುತ್ತಾನೆ. ಅದೇ ಫೋಟೊ. ಅವಳು ಆಗ ಯೋಚಿಸುತ್ತಿದ್ದುದು ಸತ್ತುಹೋದ ಕೈಲ್‌ನನ್ನೇ. ಕೈಲ್‌ನ ಪ್ರಶ್ನೆಗೆ ಉತ್ತರ ನಮಗೆ ಸಿಗುತ್ತದೆ, ಅವನಿಗೆ ಎಂದೂ ಸಿಗುವುದಿಲ್ಲ. ಒಂದೂ ಎಳೆ ಬಿಡದೆ ವೃತ್ತ ಮುಚ್ಚಿಕೊಂಡುಬಿಡುತ್ತದೆ.

ಸಾಲದ್ದಕ್ಕೆ ಪೊಲೀಸ್ ಠಾಣೆಯಲ್ಲಿ ಕೈಲ್ ಇನ್ನೊಂದು ಮಾತೂ ಆಡುತ್ತಾನೆ. ಯಾರೂ ವಾಪಸ್ ಹೋಗುವ ಹಾಗಿಲ್ಲ, ಇನ್ಯಾರೂ ಬರುವ ಹಾಗೂ ಇಲ್ಲ, ಇರುವುದು ನಾನು ಮತ್ತು ಅದು ಮಾತ್ರ. ಇಷ್ಟು ಖಡಾಖಂಡಿತವಾಗಿ ಹೇಳಿದ ಮೇಲೆ 1991ರ ಎರಡನೇ ಚಿತ್ರದಲ್ಲಿ ಇನ್ನೂ ಎರಡು ಯಂತ್ರಗಳು ಬಂದಿಳಿಯುತ್ತವೆ, ಒಂದು ಹುಡುಗ ಜಾನ್‌ನನ್ನು ಕೊಲ್ಲಲು, ಇನ್ನೊಂದು ಅವನನ್ನು ಕಾಯಲು. ನಿಮ್ಮ ಗೆಳೆಯರಿಗೆ ಸಿಟ್ಟು ಬಂದಿದ್ದು ಸಹಜ ಅಲ್ವಾ?

ಆದರೆ ಅದೇ ಮೊದಲ ಚಿತ್ರದಲ್ಲಿ, ಅದೇ ಕೈಲ್‌ನ ಬಾಯಲ್ಲಿ ನಿಮ್ಮ ಸಾಕ್ಷಿಯೂ ಇದೆ. ಜಾನ್ ತಾಯಿಗೆ ಕಳಿಸಿದ ಸಂದೇಶವನ್ನು ಅವನು ಬಾಯಿಪಾಠ ಮಾಡಿಕೊಂಡು ಬಂದಿದ್ದಾನೆ. ಭವಿಷ್ಯ ಇನ್ನೂ ನಿಗದಿಯಾಗಿಲ್ಲ ಅನ್ನುವ ಮಾತು ಆ ಸಂದೇಶದಲ್ಲೇ ಇದೆ. ಅಂದರೆ ಎರಡನೇ ಚಿತ್ರ ಹೊರಗಿನಿಂದ ಏನನ್ನೂ ತಂದು ತುರುಕಲಿಲ್ಲ. ಸಾರಾ ಆ ಮಾತನ್ನು ವರ್ಷಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಮರುಭೂಮಿಯಲ್ಲಿ ಒಂದು ದಿನ ಮೇಜಿನ ಮೇಲೆ ಚಾಕುವಿನಿಂದ ‘ನೋ ಫೇಟ್’ (ವಿಧಿ ಅನ್ನುವುದಿಲ್ಲ) ಅಂತ ಎರಡೇ ಪದ ಕೆತ್ತಿ ಎದ್ದು ಹೋಗುತ್ತಾಳೆ. ಹೋಗುವುದು ಮೈಲ್ಸ್ ಡೈಸನ್ ಅನ್ನುವ ಎಂಜಿನಿಯರ್‌ನನ್ನು ಕೊಲ್ಲಲು. 1984ರಲ್ಲಿ ಪುಡಿಯಾದ ಯಂತ್ರದ ಕಂಪ್ಯೂಟರ್ ಚಿಪ್ಪನ್ನು ಇಟ್ಟುಕೊಂಡು ಸ್ಕೈನೆಟ್‌ಗೆ ದಾರಿ ಮಾಡುತ್ತಿರುವವನು ಅವನು.

ಇಲ್ಲಿ ಎರಡು ವೃತ್ತ ಇವೆ. ಜಾನ್ ತನ್ನ ತಂದೆಯನ್ನು ತಾನೇ ಕಳಿಸಿ ಹುಟ್ಟುತ್ತಾನೆ. ಸ್ಕೈನೆಟ್ ತನ್ನದೇ ಚಿಪ್ಪನ್ನು ಹಿಂದೆ ಬಿಟ್ಟು ಹುಟ್ಟುತ್ತದೆ. ಎರಡನೇ ಚಿತ್ರ ಒಂದನ್ನು ಒಡೆಯುತ್ತದೆ, ಇನ್ನೊಂದನ್ನು ಹಾಗೇ ಬಿಡುತ್ತದೆ. ಸ್ಕೈನೆಟ್ ಹುಟ್ಟದೇ ಹೋದರೆ ಜಾನ್ ಹೇಗೆ ಉಳಿದ? ಚಿತ್ರ ಈ ಪ್ರಶ್ನೆ ಮುಟ್ಟುವುದೇ ಇಲ್ಲ. ಅಭಿಮಾನಿಗಳು ಕವಲೊಡೆದ ಕಾಲದ ನಕ್ಷೆ ಬರೆದು ಉತ್ತರ ಕೊಡುತ್ತಾರೆ. ಆ ನಕ್ಷೆಗಳಲ್ಲಿ ಎಷ್ಟೋ ಚೆನ್ನಾಗಿಯೇ ಇವೆ. ಆದರೂ ನನ್ನನ್ನು ಒಪ್ಪಿಸುವುದು ಡೈಸನ್‌ನ ಮನೆಯ ದೃಶ್ಯ. ಸಾರಾ ಅಲ್ಲಿ ಥೇಟ್ ಮೊದಲ ಚಿತ್ರದ ಯಂತ್ರದ ಹಾಗೆ ಒಳಗೆ ನುಗ್ಗುತ್ತಾಳೆ. ಬಂದೂಕು ಹಿಡಿದ ಕೈ, ಮುಖದಲ್ಲಿ ಏನೂ ಇಲ್ಲ. ಡೈಸನ್‌ನ ಮಗ ಅಪ್ಪನ ಮೈಮೇಲೆ ಬಿದ್ದು ಅಡ್ಡ ಬರುತ್ತಾನೆ. ಗುಂಡು ಹೊಡೆಯಲು ಅವಳಿಂದ ಆಗುವುದಿಲ್ಲ. ಬರೆದಿಟ್ಟ ಹಾಗೆ ನಡೆಯದೇ ಇರುವುದು ಅಂದರೆ ಇದು. ಕಾಲದ ಲೆಕ್ಕದಲ್ಲಿ ನಿಮ್ಮ ಗೆಳೆಯರಿಗೇ ಅಂಕ ಕೊಡುತ್ತೇನೆ. ಸಾರಾಳ ಕಥೆ ಅಂತ ನೋಡಿದರೆ ಮಾತ್ರ ಎರಡನೆಯದು ಮೊದಲನೆಯದಕ್ಕೆ ಒಂದಿಷ್ಟೂ ದ್ರೋಹ ಮಾಡಿಲ್ಲ.

ಬದುಕಿರುವ ಮೈ ಮಾತ್ರ ಕಾಲದಲ್ಲಿ ಹಿಂದೆ ಬರಬಲ್ಲದು ಅಂತಾರೆ. ಹಾಗಾದರೆ ಎರಡನೇ ಚಿತ್ರದಲ್ಲಿ ಕೊಲ್ಲಲು ಬರುವ, ಪೂರ್ತಿ ದ್ರವ ಲೋಹದ ಟಿ-1000 ಹೇಗೆ ಬಂತು?

ಚಿತ್ರದಲ್ಲಿ ಉತ್ತರ ಇಲ್ಲ. ಜೀವ ಇಲ್ಲದ ವಸ್ತು ಬರುವುದಿಲ್ಲ, ಹಳೇ ಮಾದರಿಯ ಯಂತ್ರ ಮಾಂಸ ಚರ್ಮ ಹೊದ್ದು ಬಂತು ಅಂತ ಮೊದಲ ಚಿತ್ರ ಹೇಳುತ್ತದೆ. ಟಿ-1000ಕ್ಕೆ ಅಂಥ ಹೊದಿಕೆ ಕಾಣುವುದಿಲ್ಲ. ಮಾಂಸದ ಚೀಲದೊಳಗೆ ಕೂರಿಸಿ ಕಳಿಸಿರಬೇಕು ಅನ್ನುವುದು ಅಭಿಮಾನಿಗಳ ಹಳೇ ಊಹೆ. ದ್ರವ ಲೋಹವೇ ಜೀವಕೋಶವನ್ನು ಅನುಕರಿಸುತ್ತದೆ ಅನ್ನುವವರೂ ಇದ್ದಾರೆ. ನನಗೆ ಎರಡೂ ಬೇಕಾಗಿಲ್ಲ. ಆ ಪಾತ್ರ ಮಾಡಿದ ರಾಬರ್ಟ್ ಪ್ಯಾಟ್ರಿಕ್ ಬಾಯಿ ತೆರೆಯದೆ, ಕಣ್ಣು ಮಿಟುಕಿಸದೆ ಓಡುವುದನ್ನು ನೋಡುವಾಗ ಈ ಪ್ರಶ್ನೆ ತಲೆಗೇ ಬರುವುದಿಲ್ಲ.

ಅಕ್ಕ, ನಾನು ಹತ್ತನೇ ತರಗತಿ ವಿದ್ಯಾರ್ಥಿನಿ. ಎರಡನೇ ಭಾಗದ ಕೊನೆಯಲ್ಲಿ ಹಳೇ ಚಿಪ್ಪು, ಹಳೇ ತೋಳು ಎಲ್ಲ ಕಾದ ಉಕ್ಕಿಗೆ ಎಸೆಯುತ್ತಾರೆ. ಆದರೆ ಹೊಸ ಯಂತ್ರದ ಎಡತೋಳು ಗೇರ್‌ನಲ್ಲಿ ಸಿಕ್ಕಿಕೊಂಡು ಅಲ್ಲೇ ಉಳಿಯುತ್ತದೆ! ಅದನ್ನು ಯಾರೂ ತೆಗೆಯಲಿಲ್ಲ. ನಾನು ನೋಡಿದ್ದು ಸರಿಯಾ?

ನೂರಕ್ಕೆ ನೂರು ಸರಿ ಪುಟ್ಟಿ. ಇದು ಅಭಿಮಾನಿಗಳ ಅತಿ ಹಳೇ ವಾದಗಳಲ್ಲಿ ಒಂದು. ನೀನು ಯಾರೂ ಹೇಳಿಕೊಡದೆ ಕಂಡುಹಿಡಿದದ್ದು ನೋಡಿ ನನಗೆ ತುಂಬಾ ಖುಷಿಯಾಯಿತು. ಆ ಒಂದು ತೋಳಿನಿಂದಲೇ ಸ್ಕೈನೆಟ್ ಮತ್ತೆ ಹುಟ್ಟಿರಬಹುದು ಅಂತ ಸುಮಾರು ಜನ ಕಥೆ ಕಟ್ಟಿದ್ದಾರೆ. 2003ರ ಮೂರನೇ ಚಿತ್ರ ಮಾತ್ರ ಅದರ ಸುದ್ದಿಗೇ ಹೋಗಲಿಲ್ಲ. ಅಲ್ಲಿ ಅಮೆರಿಕದ ಮಿಲಿಟರಿಯೇ ಆ ಸಂಶೋಧನೆಯನ್ನು ಮುಂದುವರಿಸಿರುತ್ತದೆ. ಪ್ರಳಯದ ದಿನ, ಅಂದರೆ ಸ್ಕೈನೆಟ್ ಮನುಷ್ಯರ ಮೇಲೆ ಅಣುಬಾಂಬ್ ಹಾಕುವ ದಿನ, ತಪ್ಪಿಲ್ಲ, ಸುಮ್ನೆ ಮುಂದಕ್ಕೆ ಹೋಗಿದೆ ಅಷ್ಟೇ ಅನ್ನುತ್ತದೆ ಆ ಚಿತ್ರ.

ಇನ್ನೊಮ್ಮೆ ನೋಡುವಾಗ ಒಂದು ವಿಷಯ ಗಮನಿಸು. ಮೊದಲ ಚಿತ್ರದ ಕೊನೆಯಲ್ಲಿ ಯಂತ್ರ ಪ್ರೆಸ್‌ನಡಿ ಸಿಕ್ಕಿ ನಜ್ಜುಗುಜ್ಜಾಗುವಾಗ ಅದರ ಕೈ ಸಾರಾಳ ಕುತ್ತಿಗೆಯ ಕಡೆ ಚಾಚಿಕೊಂಡಿರುತ್ತದೆ. ಆಮೇಲೆ ಲ್ಯಾಬಿನಲ್ಲಿ ಗಾಜಿನ ಒಳಗೆ ಇರುವುದು ಆ ತೋಳೇ. ಎರಡನೇ ಚಿತ್ರದಲ್ಲಿ ಅದೇ ಮುಖದ ಯಂತ್ರ ತನ್ನ ತೋಳನ್ನು ತಾನೇ ಕಿತ್ತುಕೊಂಡು ಮೇಲೇಳುತ್ತದೆ, ಸಾರಾಳನ್ನೂ ಜಾನ್‌ನನ್ನೂ ಉಳಿಸಲು. ಕೊಲ್ಲಲು ಚಾಚಿದ ಕೈಗೆ ಇದು ಉತ್ತರ. ಆ ತೋಳನ್ನು ಯಾರು ಗುಡಿಸಿ ಎತ್ತಿದರು ಅನ್ನುವುದಕ್ಕಿಂತ ನನಗೆ ಇದು ದೊಡ್ಡದು.

ಎರಡನೇ ಚಿತ್ರದ ಥಿಯೇಟರ್ ಆವೃತ್ತಿ ಸರಿಯೋ, ಆಮೇಲೆ ಬಂದ ಉದ್ದದ ಸ್ಪೆಷಲ್ ಎಡಿಷನ್ ಸರಿಯೋ? ನೀವು ಎಡಿಟರ್ ಆಗಿ ಹೇಳಿ.

ಇದಕ್ಕೆ ಕಾಯುತ್ತಿದ್ದೆ. ಒಂದು ದೃಶ್ಯ ಉಳಿಯಬೇಕಿತ್ತು, ಒಂದು ದೃಶ್ಯ ಹೋದದ್ದೇ ಒಳ್ಳೆಯದಾಯಿತು.

ಉಳಿಯಬೇಕಿದ್ದದ್ದು ಕನ್ನಡಿಯ ದೃಶ್ಯ. ಯಂತ್ರ ಮನುಷ್ಯರಿಂದ ಕಲಿಯಬೇಕಾದರೆ ತಲೆಯೊಳಗಿನ ಚಿಪ್ಪು ತೆಗೆದು ಒಂದು ಸ್ವಿಚ್ ಬದಲಿಸಬೇಕು. ಸಾರಾ ಕನ್ನಡಿ ಮುಂದೆ ಅದರ ತಲೆ ತೆರೆದು ಚಿಪ್ಪು ತೆಗೆಯುತ್ತಾಳೆ. ಈ ದೃಶ್ಯವನ್ನು ಶೂಟ್ ಮಾಡಿದ ರೀತಿ ಕೇಳಿ. ಅಲ್ಲಿ ಕನ್ನಡಿಯೇ ಇಲ್ಲ! ಗೋಡೆಯಲ್ಲಿ ಚೌಕಟ್ಟಿನಷ್ಟು ತೂತು. ನಮ್ಮ ಕಡೆ ಇರುವುದು ಯಂತ್ರದ ಪಾತ್ರ ಮಾಡಿದ ಶ್ವಾರ್ಜ್‌ನೆಗರ್ ತಲೆಯ ಬೊಂಬೆ, ಅದರ ಹಿಂದೆ ನಿಂತವರು ಸಾರಾ ಪಾತ್ರದ ಲಿಂಡಾ ಹ್ಯಾಮಿಲ್ಟನ್‌ರ ಅವಳಿ ಸೋದರಿ ಲೆಸ್ಲಿ. ‘ಪ್ರತಿಬಿಂಬ’ದಲ್ಲಿ ಕಾಣುವವರು ನಿಜವಾದ ಶ್ವಾರ್ಜ್‌ನೆಗರ್ ಮತ್ತು ಲಿಂಡಾ. ಅಕ್ಕತಂಗಿಯರು ಒಬ್ಬರ ಕೈಯ ಚಲನೆಗೆ ಇನ್ನೊಬ್ಬರು ಕೈ ಹೊಂದಿಸಿದ್ದಾರೆ. ಕಂಪ್ಯೂಟರ್ ಇಲ್ಲದೆ ಕ್ಯಾಮೆರಾ ಎದುರೇ ನಡೆದ ಕೆಲಸ.

ನಾನು ಅದನ್ನು ಉಳಿಸಿ ಅನ್ನುವುದು ಆ ಚಮತ್ಕಾರಕ್ಕಾಗಿ ಅಲ್ಲ. ಚಿಪ್ಪು ಕೈಗೆ ಬಂದ ಕೂಡಲೇ ಸಾರಾ ಸುತ್ತಿಗೆ ಎತ್ತುತ್ತಾಳೆ. ಜಾನ್ ತಡೆಯುತ್ತಾನೆ. ನನ್ನ ಮಾತನ್ನು ನನ್ನ ತಾಯಿಯೇ ಕೇಳದಿದ್ದರೆ ಮುಂದೆ ನಾನು ನಾಯಕ ಆಗುವುದು ಹೇಗೆ ಅನ್ನುವುದು ಅವನ ಪ್ರಶ್ನೆ. ಹತ್ತು ವರ್ಷದ ಹುಡುಗ ಮೊದಲ ಸಲ ನಾಯಕನಾಗುವುದು ಅಲ್ಲಿ. ಥಿಯೇಟರ್ ಆವೃತ್ತಿಯಲ್ಲಿ ಯಂತ್ರ ತಾನು ಕಲಿಯುವ ಕಂಪ್ಯೂಟರ್ ಅಂತ ಒಂದು ಸಾಲು ಹೇಳಿ ಮುಗಿಸುತ್ತದೆ. ಕಥೆಗೆ ಅಷ್ಟು ಸಾಕು ಅನ್ನುವುದು ನಿಜ. ಜಾನ್‌ಗೆ ಸಾಲದು.

ಹೋದದ್ದೇ ಒಳ್ಳೆಯದಾದದ್ದು ಪಾರ್ಕಿನ ಮುಕ್ತಾಯ. ಮುದುಕಿ ಸಾರಾ 2029ರಲ್ಲಿ ನೆಮ್ಮದಿಯಾಗಿ ಬೆಂಚಿನ ಮೇಲೆ ಕೂತಿರುತ್ತಾಳೆ. ಮಕ್ಕಳು ಆಡುತ್ತಿರುತ್ತಾರೆ. ಅದರ ಬದಲು ಈಗ ಇರುವುದು ರಾತ್ರಿಯ ರಸ್ತೆ, ಕಾರಿನ ದೀಪದಲ್ಲಿ ಓಡುವ ಬಿಳಿ ಗೆರೆ, ಸಾರಾಳ ದನಿ. ಪ್ರಳಯ ತಪ್ಪಿತೋ ಇಲ್ಲವೋ ಅವಳಿಗೂ ಗೊತ್ತಿಲ್ಲ. ಪಾರ್ಕಿನ ದೃಶ್ಯ ಉಳಿದಿದ್ದರೆ ನಿಮ್ಮ ಪತ್ರಗಳಲ್ಲಿ ಅರ್ಧ ಬರುತ್ತಲೇ ಇರಲಿಲ್ಲ.

ಮೊದಲ ಚಿತ್ರದ ಕೊನೆಯ ಅಸ್ಥಿಪಂಜರ ಈಗ ಬೊಂಬೆ ಹಾಗೆ ಕಾಣುತ್ತದೆ ಅಂತ ನನ್ನ ಮಗ ನಗುತ್ತಾನೆ. ಏನು ಹೇಳಲಿ?

ಬೊಂಬೆಯೇ ಹೌದು ಅಂತ ಹೇಳಿ. ಹತ್ತಿರದ ಶಾಟ್‌ಗಳಲ್ಲಿ ಸ್ಟಾನ್ ವಿನ್‌ಸ್ಟನ್ ತಂಡ ಮಾಡಿದ ಮನುಷ್ಯ ಗಾತ್ರದ ಬೊಂಬೆ. ದೂರದಿಂದ ಪೂರ್ತಿ ಮೈ ನಡೆಯುವುದು ಸ್ಟಾಪ್ ಮೋಷನ್, ಅಂದರೆ ಒಂದೊಂದು ಫ್ರೇಮಿಗೂ ಚಿಕ್ಕ ಮಾದರಿಯನ್ನು ಕೂದಲೆಳೆಯಷ್ಟು ಸರಿಸಿ ತೆಗೆದದ್ದು. ಒಟ್ಟು ಚಿತ್ರಕ್ಕೆ ಖರ್ಚಾದದ್ದು ಸುಮಾರು 64 ಲಕ್ಷ ಡಾಲರ್. ಎರಡನೆಯದಕ್ಕೆ ಸುಮಾರು 10 ಕೋಟಿ. ಆ ಯಂತ್ರ ಒಂದು ಕಾಲು ಎಳೆದುಕೊಂಡು ನಡೆಯುವುದನ್ನು ಮಗನಿಗೆ ತೋರಿಸಿ. ಟ್ಯಾಂಕರ್ ಸ್ಫೋಟದಲ್ಲಿ ಬೆಂದು ಬಂದ ಯಂತ್ರ ಕುಂಟುತ್ತದೆ ಅಂದಾಗ ಸ್ಟಾಪ್ ಮೋಷನ್‌ನ ಜರ್ಕು ಕಥೆಯೊಳಗೇ ಸೇರಿಹೋಗುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಚಿತ್ರವನ್ನು 2008ರಲ್ಲಿ ರಾಷ್ಟ್ರೀಯ ಚಲನಚಿತ್ರಗಳ ಪಟ್ಟಿಗೆ ಸೇರಿಸಿತು.

ಯಂತ್ರಕ್ಕೆ ವಯಸ್ಸಾಗುವುದು ಹೇಗೆ?

ಒಳಗಿನ ಲೋಹಕ್ಕೆ ಆಗುವುದಿಲ್ಲ. ಹೊರಗಿನ ಚರ್ಮ ಜೀವಂತ, ಅದಕ್ಕೆ ಆಗುತ್ತದೆ. 2015ರ ‘ಜೆನಿಸಿಸ್’ ಇದನ್ನು ಬಾಯಿಬಿಟ್ಟು ಹೇಳುತ್ತದೆ. ಮೊದಲ ಚಿತ್ರದಲ್ಲೇ ಆ ಚರ್ಮ ಕೊಳೆಯಲು ಶುರುವಾಗಿ ವಾಸನೆ ಬರುತ್ತದೆ. ಹಾಗಾಗಿ ವಯಸ್ಸಾಗುವುದನ್ನು ನಾನು ಒಪ್ಪುತ್ತೇನೆ.

2009ರ ‘ಸಾಲ್ವೇಶನ್’ ನನಗೆ ಇಷ್ಟ. ಇದನ್ನು ಹೇಳಿದರೆ ಗೆಳೆಯರೆಲ್ಲ ಮೇಲೆ ಬೀಳುತ್ತಾರೆ.

ಬೀಳಲಿ ಬಿಡಿ. ಬೂದಿ ಬಣ್ಣದ ಆ ಯುದ್ಧಭೂಮಿ ನನಗೂ ಹಿಡಿಸಿತು. ಯಾರನ್ನೋ ಕೊಲ್ಲಲು ಕಾಲದಲ್ಲಿ ಹಿಂದೆ ಬರುವ ಯಂತ್ರ ಇಲ್ಲದ ಒಂದೇ ಚಿತ್ರ ಅದು. ಅದಕ್ಕಿಂತ ಹೆಚ್ಚಾಗಿ ಅದರಲ್ಲಿ ಆಂಟನ್ ಯೆಲ್ಚಿನ್ ಇದ್ದಾರೆ. ಹರೆಯದ ಕೈಲ್ ರೀಸ್ ಪಾತ್ರದಲ್ಲಿ, ಮೊದಲ ಚಿತ್ರದ ಕೈಲ್ ಆದ ಮೈಕಲ್ ಬೀನ್‌ರ ಆ ಬೆದರಿದ ಕಣ್ಣು, ಅವಸರದ ಮಾತು ಎರಡನ್ನೂ ಅವರು ಹಿಡಿದಿದ್ದಾರೆ, ನಕಲು ಮಾಡದೆಯೇ. ಅವರು 2016ರಲ್ಲಿ ತೀರಿಕೊಂಡರು. ಅವರಿಗಾಗಿಯಾದರೂ ಗೆಳೆಯರು ಇನ್ನೊಮ್ಮೆ ನೋಡಲಿ.

2019ರ ‘ಡಾರ್ಕ್ ಫೇಟ್’ ಶುರುವಿನಲ್ಲೇ ಜಾನ್‌ನನ್ನು ಕೊಂದುಬಿಟ್ಟರು. ನಾನು ಅವನ ವಯಸ್ಸಿನಲ್ಲೇ ಎರಡನೇ ಭಾಗ ನೋಡಿದವನು. ಎದ್ದು ಹೊರಗೆ ಹೋಗಬೇಕು ಅನ್ನಿಸಿತು. ಇದು ಅತಿಯಾಯಿತಾ? ನನ್ನ ತಮ್ಮ ಅದು ಧೈರ್ಯದ ನಿರ್ಧಾರ ಅಂತಾನೆ.

ನಿಮಗೆ ಅನ್ನಿಸಿದ್ದು ಖಂಡಿತ ಅತಿಯಲ್ಲ. ನನಗೂ ತುಂಬಾ ಸಂಕಟವಾಯಿತು.

ತಮ್ಮನ ಮಾತಿನಲ್ಲಿ ಹುರುಳಿದೆ. ಸಾರಾಳ ದುಃಖಕ್ಕೆ ಒಂದು ಕಾರಣ ಬೇಕಿತ್ತು. ಲಿಂಡಾ ಹ್ಯಾಮಿಲ್ಟನ್ ಅಷ್ಟು ವರ್ಷಗಳ ನಂತರ ಮರಳಿ ಬಂದು ಆ ದುಃಖವನ್ನು ಮುಖದ ಮೇಲೆ ಹೊತ್ತ ರೀತಿ ಅದ್ಭುತ. ಮೆಕೆಂಜಿ ಡೇವಿಸ್ ಮಾಡಿದ ಗ್ರೇಸ್ ಪಾತ್ರವೂ ನನಗೆ ಇಷ್ಟ. ನಾಯಕ ಅಂದರೆ ಜಾನ್ ಒಬ್ಬನೇ ಯಾಕೆ, ಡ್ಯಾನಿ ಅನ್ನುವ ಕಾರ್ಖಾನೆ ಕೆಲಸದ ಹುಡುಗಿ ಯಾಕಾಗಬಾರದು ಅನ್ನುವ ಪ್ರಶ್ನೆಯೂ ಸರಿ.

ನನ್ನ ತಕರಾರು ಕೊಂದ ರೀತಿಯ ಬಗ್ಗೆ. ಎರಡನೇ ಚಿತ್ರ ಎರಡೂ ಕಾಲು ಗಂಟೆ ತೆಗೆದುಕೊಂಡು ಆ ಹುಡುಗನ ಜೀವಕ್ಕೆ ಒಂದು ಬೆಲೆ ಕಟ್ಟಿತು. ಡೈಸನ್ ಸತ್ತ. ಯಂತ್ರ ತಾನಾಗಿ ಉಕ್ಕಿನೊಳಗೆ ಇಳಿಯಿತು, ಜಾನ್ ಬೇಡ ಬೇಡ ಅಂತ ಅತ್ತ. ಆ ಎಲ್ಲದರ ಫಲ ಅವನು ಬದುಕಿದ್ದು. ಹೊಸ ಚಿತ್ರ ಅದನ್ನು ಸ್ವಲ್ಪ ಹೊತ್ತಿನಲ್ಲಿ, ಕಥೆ ಶುರುವಾಗುವ ಮೊದಲೇ ಅಳಿಸಿತು. ಅವನಿಗೆ ಒಂದು ನಿರ್ಧಾರ ಮಾಡುವ ಅವಕಾಶವನ್ನೂ ಕೊಡಲಿಲ್ಲ. ಮುಖ್ಯ ಪಾತ್ರ ಸಾಯಬಾರದು ಅಂತ ನಾನು ಹೇಳುತ್ತಿಲ್ಲ. ಕೈಲ್ ರೀಸ್ ಸಾಯುವುದಿಲ್ಲವೇ? ಆದರೆ ಕೈಲ್ ಸಾಯುವಾಗ ಅವನ ಕೈಯಲ್ಲಿ ಒಂದು ಕೆಲಸ ಇರುತ್ತದೆ. ತಾನು ಮಾಡಿದ ಬಾಂಬನ್ನು ಯಂತ್ರದ ಮೈಯೊಳಗೆ ಸಿಕ್ಕಿಸಿ ಸಾಯುತ್ತಾನೆ. ಜಾನ್ ಕುರ್ಚಿಯಲ್ಲಿ ಕೂತು ಸುಮ್ನೆ ಸತ್ತ. ಕತ್ತರಿ ನನ್ನ ಕೈಯಲ್ಲಿದ್ದಿದ್ದರೆ ಆ ದೃಶ್ಯವನ್ನು ಅಲ್ಲಿಂದ ತೆಗೆದು, ಸಾರಾ ಅರ್ಧ ದಾರಿಯಲ್ಲಿ ಬಾಯಿಬಿಟ್ಟು ಹೇಳುವ ತನಕ ನಿಮಗೆ ತೋರಿಸುತ್ತಿರಲಿಲ್ಲ. ಆಗಲೂ ನೋವಾಗುತ್ತಿತ್ತು, ಆದರೆ ಅವಳ ಜೊತೆ ಕೂತು ನೋಯುತ್ತಿದ್ದೆವು. ಇದನ್ನು ತಮ್ಮನಿಗೆ ಓದಿ ಹೇಳಿ. ಅವರು ಒಪ್ಪದಿದ್ದರೆ ಯಾಕೆ ಅಂತ ನನಗೆ ಬರೆಯಲಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

ಹೊಸಬರಿಗೆ ಯಾವ ಕ್ರಮದಲ್ಲಿ ತೋರಿಸಬೇಕು?

1984, 1991, ಬಂದ ಕ್ರಮದಲ್ಲೇ. ನಡುವೆ ಒಂದು ದಿನವಾದರೂ ಬಿಡುವು ಕೊಡಿ. ಎರಡನೆಯದರ ಟ್ರೇಲರ್, ಪೋಸ್ಟರ್ ಯಾವುದನ್ನೂ ಮೊದಲು ತೋರಿಸಬೇಡಿ. ಶ್ವಾರ್ಜ್‌ನೆಗರ್ ಈ ಸಲ ಯಾರ ಕಡೆ ಅನ್ನುವುದನ್ನು ಚಿತ್ರ ಮಾಲ್‌ನ ಕಾರಿಡಾರ್‌ವರೆಗೆ ಮುಚ್ಚಿಟ್ಟಿದೆ, ಜಾಹೀರಾತಿನವರು ಮೊದಲೇ ಬಿಟ್ಟುಕೊಟ್ಟರು. ಆ ಎರಡರ ನಂತರ ಲೆನಾ ಹೆಡಿ ಸಾರಾ ಆಗಿ ಮಾಡಿದ, 2008-09ರ ಟಿವಿ ಸರಣಿ ನೋಡಲಿ. ಎರಡೇ ಸೀಸನ್‌ಗೆ ನಿಂತುಹೋಯಿತು, ಕಥೆ ಅರ್ಧದಲ್ಲಿ ಬಿಡುತ್ತದೆ. ಅದನ್ನು ಮಾತ್ರ ಮೊದಲೇ ಹೇಳಿಬಿಡಿ.